ಬಾಕಿ ವಸೂಲಿಗೆ ಅಡ್ಡ ಬಂದ ಒಂದು ಕಾಗದ

ನಾನು, ನನ್ನ ಗೆಳೆಯ ಸೇರಿ ಹುಬ್ಬಳ್ಳಿಯಲ್ಲಿ ರಟ್ಟಿನ ಡಬ್ಬಿ ಮಾಡುವ ಸಣ್ಣ ಘಟಕ ಹಾಕಿದ್ದೆವು. ಛಾಪಾ ಕಾಗದದ ಮೇಲೆ ಪಾಲುದಾರಿಕೆ ಪತ್ರ, ನೋಟರಿ ಸೀಲು, ಪ್ಯಾನ್, ಜಿಎಸ್‌ಟಿ, ಎಲ್ಲ ಇತ್ತು. ಗಿರಾಕಿಯೊಬ್ಬರು 1,80,000 ರೂಪಾಯಿ ಬಾಕಿ ಇಟ್ಟುಕೊಂಡು ಫೋನ್ ಎತ್ತುವುದನ್ನೇ ಬಿಟ್ಟಾಗ ವಕೀಲರ ಹತ್ತಿರ ಓಡಿದೆವು.

ಅವರು ಪತ್ರವನ್ನು ಹಿಂದೆ ಮುಂದೆ ತಿರುಗಿಸಿ, "ಫರ್ಮ್ ರಿಜಿಸ್ಟರ್ ಆಗೇತೇನ್ರಿ?" ಅಂದರು. ನೋಟರಿ ಸೀಲು ತೋರಿಸಿದೆ. ನಕ್ಕರು.

1932ರ ಪಾಲುದಾರಿಕೆ ಕಾಯ್ದೆಯಲ್ಲಿ ನೋಂದಣಿ ಕಡ್ಡಾಯವಲ್ಲ. ಆದರೆ 69ನೇ ಕಲಂ ಪ್ರಕಾರ, ನೋಂದಣಿಯಾಗದ ಫರ್ಮು ತನ್ನ ಕರಾರಿನ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಅವರು ಮಾತ್ರ ನಮ್ಮ ಮೇಲೆ ಹೂಡಬಹುದು! ನೂರು ರೂಪಾಯಿವರೆಗಿನ ಕೆಲವು ದಾವೆಗಳಿಗೆ ವಿನಾಯಿತಿ ಉಂಟು. ಇವತ್ತು ಅದರಲ್ಲಿ ಎರಡು ಊಟವೂ ಬರಲಿಕ್ಕಿಲ್ಲ.

ಪುಣ್ಯಕ್ಕೆ ಇನ್ನೂ ದಾವೆ ಹಾಕಿರಲಿಲ್ಲ. ಹಾಕಿದ ಮೇಲೆ ನೋಂದಾಯಿಸಿದರೆ ಆ ದಾವೆ ಉಳಿಯುವುದಿಲ್ಲ, ಹೊಸದಾಗಿ ಹೂಡಬೇಕು. ಮೂರು ವರ್ಷದ ಕಾಲಮಿತಿಯೂ ಓಡುತ್ತಿರುತ್ತದೆ. ಫರ್ಮುಗಳ ರಿಜಿಸ್ಟ್ರಾರ್‌ಗೆ ಅರ್ಜಿ ಕೊಟ್ಟೆವು. ನಡುವೆ ಸೇರಿಕೊಂಡಿದ್ದ ನಮ್ಮ ಭಾವನ ಹೆಸರು ಹಳೆಯ ಪತ್ರದಲ್ಲಿ ಇರಲಿಲ್ಲ. ದಾವೆ ಹೂಡುವ ಪಾಲುದಾರರ ಹೆಸರು ರಿಜಿಸ್ಟರಿನಲ್ಲಿ ಇರಲೇಬೇಕಾದ್ದರಿಂದ ಹೊಸ ಪತ್ರ ಬರೆಸಿ, ಮೂವರೂ ಸಹಿ ಹಾಕಿದೆವು.

ಪ್ರಮಾಣಪತ್ರ ಬಂದ ಮೇಲೆ, ಮಾಲು ಮುಟ್ಟಿದ ಸಹಿಯಿದ್ದ ಚಲನ್‌ಗಳ ನಕಲು ಲಗತ್ತಿಸಿ ನೋಟಿಸ್ ಕಳಿಸಿದೆವು. ಎರಡು ಕಂತಿನಲ್ಲಿ ಹಣ ಬಂತು. ಕೋರ್ಟ್ ಮೆಟ್ಟಿಲು ಹತ್ತಲಿಲ್ಲ.