ಜೇಬಿಗೊಂದು ಚಾಕು: ಕೊಡಗಿನ ಮಳೆಗೆ ತಡೆಯುತ್ತಾ?

ತೋಟಕ್ಕೆ ಇಳಿದರೆ ದಿನಕ್ಕೆ ಹತ್ತು ಸಲ ಚಾಕು ಬೇಕಾಗುತ್ತದೆ. ಗೊಬ್ಬರದ ಚೀಲದ ಹೊಲಿಗೆ ಬಿಡಿಸಲು, ಮೆಣಸಿನ ಬಳ್ಳಿ ಕಟ್ಟುವ ಹಗ್ಗ ತುಂಡು ಮಾಡಲು, ಸ್ಪ್ರಿಂಕ್ಲರ್ ಪೈಪಿನ ವಾಷರ್ ಕೀಳಲು. ನಡುವೆ ಚಕ್ಕೋತ ಸಿಕ್ಕರೆ ಅದನ್ನು ಸುಲಿಯಲು. ಇದಕ್ಕೆಲ್ಲ ಕತ್ತಿ ದೊಡ್ಡದಾಯಿತು. ಕೊಡವರ ಪೀಚೆಕತ್ತಿ ಮದುವೆಮನೆಯಲ್ಲಿ ಸೊಂಟಕ್ಕೆ ಚೆಂದ, ಗೊಬ್ಬರದ ಚೀಲಕ್ಕಲ್ಲ.

ಹಾಗಾಗಿ ಮಡಚುವ ಚಾಕು. ಸಾವಿರ ರೂಪಾಯಿ ಆಸುಪಾಸಿನಲ್ಲಿ ಇದುವರೆಗೆ ನಾಲ್ಕು ಕೊಂಡಿದ್ದೇನೆ. ಎರಡು ತುಕ್ಕು ಹಿಡಿದು ಮೂಲೆ ಸೇರಿದವು, ಒಂದು ನನ್ನ ಬೆರಳನ್ನೇ ಕೊಯ್ದಿತು, ಒಂದು ಇನ್ನೂ ಜೇಬಿನಲ್ಲಿದೆ. ಹೊಸದು ಕೈಗೆ ಬಂದಾಗ ಏನೇನು ನೋಡಬೇಕು ಅನ್ನುವುದನ್ನು ಈ ನಾಲ್ಕೇ ಕಲಿಸಿದವು.

ಮೊದಲು ಲಾಕ್, ಆಮೇಲೆ ಹರಿತ

ಎಲ್ಲರೂ ಚಾಕು ಕೈಗೆ ಬಂದ ಕೂಡಲೇ ಅಲಗಿನ ಬಾಯಿ ಮುಟ್ಟಿ ನೋಡುತ್ತಾರೆ. ಮೊಂಡಾದರೆ ಸಾಣೆ ಹಿಡಿಯಬಹುದು, ಲಾಕ್ ಕೆಟ್ಟರೆ ಏನು ಮಾಡೋದು? ಮೊದಲು ಲಾಕ್ ನೋಡಿ, ಅಂದರೆ ತೆರೆದ ಅಲಗು ಮಡಚಿಕೊಳ್ಳದಂತೆ ಹಿಡಿಯುವ ಭಾಗ.

ಅಗ್ಗದ ಚಾಕುಗಳಲ್ಲಿ ಜಾಸ್ತಿ ಕಾಣುವುದು ಲೈನರ್ ಲಾಕ್. ಹಿಡಿಯೊಳಗೆ ಒಂದು ತೆಳು ತಗಡು ಇರುತ್ತದೆ. ಅಲಗು ಪೂರ್ತಿ ತೆರೆದಾಗ ಅದು ಅಲಗಿನ ಬುಡಕ್ಕೆ ಅಡ್ಡ ಬಂದು ನಿಲ್ಲುತ್ತದೆ. ಚಾಕು ತೆರೆದು, ಬೆಳಕಿಗೆ ಹಿಡಿದು, ಆ ತಗಡು ಎಲ್ಲಿ ನಿಂತಿದೆ ನೋಡಿ. ಅಂಚಿಗೆ ಸುಮ್ನೆ ತಾಗಿಕೊಂಡಿದ್ದರೆ ಜಾರುವ ಭಯ. ಆ ಬದಿಯಿಂದ ಈ ಬದಿಯವರೆಗೆ ಬಂದುಬಿಟ್ಟಿದ್ದರೆ ಹೊಸದರಲ್ಲೇ ಸವೆದಂತೆ. ಬುಡದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಹಿಡಿದಿದ್ದರೆ ಒಳ್ಳೆಯದು.

ಆಮೇಲೆ ಅಲಗನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಅಲ್ಲಾಡಿಸಿ. ಅಕ್ಕಪಕ್ಕದ ಅಲುಗಾಟವನ್ನು ಕೀಲಿನ ಸ್ಕ್ರೂ ಬಿಗಿ ಮಾಡಿ ಸರಿಪಡಿಸಬಹುದು. ಇದಕ್ಕೆ ನಕ್ಷತ್ರದ ಆಕಾರದ ಟಾರ್ಕ್ಸ್ ಬಿಟ್ ಬೇಕು, ಸಾಮಾನ್ಯವಾಗಿ ಟಿ6 ಅಥವಾ ಟಿ8. ಮೇಲೆ ಕೆಳಗೆ ಅಲುಗಿದರೆ ಮಾತ್ರ ಅದು ಲಾಕಿನದೇ ದೋಷ. ಹಿಂದೆ ಕಳಿಸಿ.

ಕೊನೆಗೆ, ಬೆರಳುಗಳನ್ನು ಅಲಗು ಮಡಚುವ ದಾರಿಯಿಂದ ದೂರವಿಟ್ಟು, ಅಲಗಿನ ಬೆನ್ನನ್ನು ಮರದ ಹಲಗೆಗೆ ಮೆಲ್ಲನೆ ಎರಡು ಸಲ ತಟ್ಟಿ. ಮೆಲ್ಲನೆ! ಕೆಲವರು ಸುತ್ತಿಗೆಯಂತೆ ಬಾರಿಸುತ್ತಾರೆ, ಹಾಗೆ ಬಾರಿಸಿದರೆ ಒಳ್ಳೆಯ ಲಾಕೂ ಹಾಳಾಗುತ್ತದೆ. ನಾನು ಮೂರನೇ ಚಾಕು ಕೊಂಡಾಗ ಈ ಪರೀಕ್ಷೆ ಮಾಡಲಿಲ್ಲ. ಹಗ್ಗದ ಗಂಟಿನೊಳಗೆ ಮೊನೆ ತೂರಿಸಿ ತಿರುವಿದಾಗ ಅಲಗು ಮಡಚಿಕೊಂಡಿತು. ಮೂರು ಹೊಲಿಗೆ ಬಿತ್ತು.

ಮಡಚಿದಾಗಲೂ ಒಂದು ಪರೀಕ್ಷೆ ಇದೆ. ಅಲಗು ತೆರೆದುಕೊಳ್ಳುವ ಬದಿ ಕೆಳಗೆ ಮಾಡಿ ಕುಲುಕಿ. ಅಲಗು ಇಣುಕಿದರೆ ಅದು ಜೇಬಿಗೆ ಹೋಗುವ ಚಾಕು ಅಲ್ಲ.

ಉಕ್ಕಿನ ಹೆಸರು ಓದಿ

ಇಲ್ಲಿಂದ ಕೊಡಗಿನ ಮಾತು. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಮೇಲೆ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಬೆಲ್ಟಿಗೇ ಬೂಷ್ಟು ಹಿಡಿಯುತ್ತದೆ, ಜೇಬಿನ ಚಾಕು ಬಿಟ್ಟೀತೇ?

ಮಾರುವವರು ಈಗ ಡಿ2 ಉಕ್ಕನ್ನು ಬಹಳ ಹೊಗಳುತ್ತಾರೆ. ಹರಿತ ತುಂಬಾ ದಿನ ನಿಲ್ಲುತ್ತದೆ, ಸುಳ್ಳಲ್ಲ. ಅದರಲ್ಲಿ ಕ್ರೋಮಿಯಂ ಶೇ 12ರ ಆಸುಪಾಸು ಇದೆ. ಆದರೆ ಇಂಗಾಲವೂ ಶೇ 1.5ರಷ್ಟಿದೆ. ಕ್ರೋಮಿಯಂನ ದೊಡ್ಡ ಪಾಲನ್ನು ಅದೇ ಹಿಡಿದಿಟ್ಟುಕೊಳ್ಳುತ್ತದೆ, ತುಕ್ಕು ತಡೆಯಲು ಉಳಿಯುವುದು ಕಡಿಮೆ. ಒಣ ಊರಿನವರು ಖುಷಿಯಾಗಿ ಕೊಳ್ಳಲಿ. ನನ್ನ ಡಿ2 ಚಾಕು ಒಂದೇ ಮಳೆಗಾಲದಲ್ಲಿ ಚುಕ್ಕಿ ಚುಕ್ಕಿಯಾಯಿತು.

ಚೀನಾದ 8ಸಿಆರ್13ಎಂಒವಿ ಉಕ್ಕು ನಮ್ಮ ಬಜೆಟ್ಟಿಗೆ ಸರಿ. ಬೇಗ ಸಾಣೆಗೆ ಬರುತ್ತದೆ, ತುಕ್ಕನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಸ್ವೀಡನ್ನಿನ 14ಸಿ28ಎನ್ ಸಿಕ್ಕರೆ ಎರಡು ಮೂರು ನೂರು ಜಾಸ್ತಿ ಕೊಟ್ಟರೂ ನಷ್ಟವಿಲ್ಲ, ಮಳೆಗೆ ಅದೇ ಮೇಲು. ಬರೀ ‘440’ ಅಂತ ಬರೆದು ಮುಂದೆ ಅಕ್ಷರ ಇಲ್ಲದಿದ್ದರೆ 440ಸಿ ಎಂದು ನಂಬಬೇಡಿ, ಅದು ಮೆದುವಾದ 440ಎ ಇರಬಹುದು. ಉಕ್ಕಿನ ಹೆಸರೇ ಇಲ್ಲದೆ ಅಲೆ ಅಲೆಯಾಗಿ ಹೊಳೆಯುವ ‘ಡಮಾಸ್ಕಸ್’ (ಪದರ ಪದರ ಉಕ್ಕು ಬೆಸೆದದ್ದು) ಐನೂರಕ್ಕೆ ಸಿಕ್ಕಿದರೆ, ಆ ಅಲೆ ಲೇಸರಿನಲ್ಲಿ ಬರೆದ ಚಿತ್ರ ಎಂದುಕೊಳ್ಳಿ.

ಅನುಮಾನ ಬಂದರೆ ಒಂದು ನಿಂಬೆಹಣ್ಣು ಕೊಯ್ದು, ಒರೆಸದೆ, ಒದ್ದೆ ಪೇಪರಿನಲ್ಲಿ ಸುತ್ತಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಎಲ್ಲ ಗೊತ್ತಾಗುತ್ತದೆ. ಆದರೆ ಆಮೇಲೆ ಚಾಕುವನ್ನು ವಾಪಸ್ ಕಳಿಸುವ ಆಸೆ ಬಿಡಿ.

ಹಿಡಿ ಮತ್ತು ಬಾಯಿ

ಮರದ ಹಿಡಿ ನೋಡಲು ಚೆಂದ. ಫ್ರಾನ್ಸಿನ ಒಪಿನೆಲ್ ಚಾಕುವಿಗೆ ನಾನೂ ಮನಸೋತವನೇ. ಆದರೆ ಮರ ನೀರು ಕುಡಿದು ಉಬ್ಬಿದರೆ ಅಲಗು ಒಳಗೇ ಸಿಕ್ಕಿಕೊಳ್ಳುತ್ತದೆ, ಉಗುರಿನಿಂದ ಎಳೆದರೂ ಬರುವುದಿಲ್ಲ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ನೈಲಾನ್ ಅಥವಾ ಗಾಜಿನ ನಾರು, ರಾಳ ಸೇರಿಸಿ ಮಾಡಿದ ಜಿ10 ಹಿಡಿಯೇ ವಾಸಿ. ಕೈಯನ್ನು ಪೂರ್ತಿ ಒದ್ದೆ ಮಾಡಿಕೊಂಡು ಹಿಡಿದು ನೋಡಿ, ಅಂಗಡಿಯವನು ನಕ್ಕರೆ ನಗಲಿ. ಒಳಗೆ ಮಣ್ಣು ಸೇರಿದರೆ ನೀರು ಹುಯ್ದು ತೊಳೆಯುವಂತೆ ಹಿಡಿಯ ಬೆನ್ನು ತೆರೆದಿರಬೇಕು. ಅಲಗು 7–8 ಸೆಂಟಿಮೀಟರ್ ಇದ್ದರೆ ಧಾರಾಳ, ತೂಕ 100 ಗ್ರಾಂ ದಾಟದಿರಲಿ.

ಬಾಯಿಗೆ ಹಳೇ ಪತ್ರಿಕೆಯ ಹಾಳೆ ಸಾಕು. ಬುಡದಿಂದ ಮೊನೆಯವರೆಗೆ ಎಳೆಯುವಾಗ ಎಲ್ಲಿ ಹಾಳೆ ಹರಿಯುತ್ತದೋ ಅಲ್ಲಿ ಬಾಯಿ ಸರಿಯಿಲ್ಲ. ಬಂದ ದಿನವೇ ಮೊಂಡು ಅಂತ ಬೈಯಬೇಡಿ. ಕಾರ್ಖಾನೆಯ ಉಜ್ಜಾಟದಲ್ಲಿ ಕಾದು ಮೆದುವಾದ ಅಂಚು ಎರಡು ಮೂರು ಸಾಣೆಗೆ ಹೋಗಿ, ಒಳಗಿನ ಗಟ್ಟಿ ಉಕ್ಕು ಬಾಯಿಗೆ ಬರುವುದುಂಟು. ಸಾಣೆಕಲ್ಲು ಇಲ್ಲವಾ? ಪಿಂಗಾಣಿ ಕಪ್ಪಿನ ಬುಡದ ಒರಟು ಉಂಗುರ ಕೆಲಸಕ್ಕೆ ಬರುತ್ತದೆ.

ಜೇಬಿನಲ್ಲಿಟ್ಟು ಹೊರಟಾಗ

2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಗೆ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು. ಮನೆಗೆಲಸ, ಕೃಷಿಗೆಂದೇ ಮಾಡಿದವು ಅದರಲ್ಲಿ ಸೇರಿಲ್ಲ. ನಮ್ಮ ಮೂರಿಂಚಿನ ಚಾಕು ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಹಾಗಂತ ಗುಂಡಿ ಒತ್ತಿದರೆ ಚಿಮ್ಮುವ ಚಾಕು ಕೊಳ್ಳಬೇಡಿ. ಚೀಲ ಬಿಚ್ಚಲು ಅದು ಬೇಕಿಲ್ಲ, ಚೆಕ್‌ಪೋಸ್ಟಿನಲ್ಲಿ ವಿವರಣೆ ಕೊಡುವುದೂ ಕಷ್ಟ. ವಿರಾಜಪೇಟೆ ಕಡೆಯವರು ಕಣ್ಣೂರಿನಿಂದ ವಿಮಾನ ಹತ್ತುವ ಮುಂಚೆ ಜೇಬು ತಡಕಿ, ಚಾಕುವನ್ನು ಚೆಕ್-ಇನ್ ಬ್ಯಾಗಿಗೆ ಹಾಕಿ. ಕೈಚೀಲದಲ್ಲಿ ಸಿಕ್ಕರೆ ಅದು ಅಲ್ಲೇ ಉಳಿಯುತ್ತದೆ.

ನನ್ನ ನಾಲ್ಕನೆಯದು ಕಪ್ಪು ನೈಲಾನ್ ಹಿಡಿಯದು, ನೋಡಲು ಏನೇನೂ ಚೆಂದವಿಲ್ಲ. ಪ್ರತಿ ಸಂಜೆ ಒರೆಸಿ, ವಾರಕ್ಕೊಮ್ಮೆ ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಬಿಡುತ್ತೇನೆ. ಕೊಬ್ಬರಿ ಎಣ್ಣೆ ಬೇಡ, ಅದು ಚಳಿಗೆ ಗಟ್ಟಿಯಾಗಿ ಕೀಲು ಹಿಡಿದುಕೊಳ್ಳುತ್ತದೆ. ಹೋದ ಸೆಪ್ಟೆಂಬರಿನಲ್ಲಿ ಪಕ್ಕದ ಮನೆಯವರು ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೋಳ್ದ್ ದಿನ ಕೋವಿ, ಅಗಲ ಅಲಗಿನ ಒಡಿಕತ್ತಿಗಳನ್ನು ಸಾಲಾಗಿ ಇಟ್ಟಿದ್ದರು. ನನ್ನ ಚಾಕುವನ್ನೂ ಕೇಳಿ ಪಡೆದು ಕೊನೆಯಲ್ಲಿಟ್ಟರು. ಕೋವಿಯ ಪಕ್ಕ ಅದು ಪೆನ್ಸಿಲಿನಷ್ಟೇ ಕಾಣುತ್ತಿತ್ತು. ಆದರೆ ಪೂಜೆ ಮುಗಿದ ಮೇಲೆ ಬಾಳೆಲೆಯ ತುದಿ ಕತ್ತರಿಸಲು ಎಲ್ಲರೂ ಹುಡುಕಿದ್ದು ಅದನ್ನೇ.