ನಲವತ್ತರ ಬಿಸಿಲಲ್ಲಿ ವೈನ್ ರುಚಿ ನೋಡುವುದು ಹೇಗೆ?

ಕೆಂಪು ವೈನನ್ನು ಕೋಣೆಯ ಕಾವಿನಲ್ಲೇ ಕುಡಿಯಬೇಕು ಎಂಬ ಮಾತು ಎಲ್ಲರ ಕಿವಿಗೂ ಬಿದ್ದಿರುತ್ತದೆ. ಆ ಮಾತು ಹುಟ್ಟಿದ ಯುರೋಪಿನ ಕೋಣೆ 16ರಿಂದ 18 ಡಿಗ್ರಿಯದು. ವಿಜಯಪುರದಲ್ಲಿ ಏಪ್ರಿಲ್ ಕೊನೆಯ ವಾರ ರಾತ್ರಿ ಎಂಟಕ್ಕೂ ಪಡಸಾಲೆ 33–34 ಡಿಗ್ರಿಯಲ್ಲಿ ಕುದಿಯುತ್ತಿರುತ್ತದೆ. ಅಷ್ಟು ಕಾವಿನಲ್ಲಿ ಸುರಿದ ಶಿರಾಜ್ ಎಂಬ ಕೆಂಪು ವೈನ್ ಮೂಗಿಗೆ ಬರೀ ಸ್ಪಿರಿಟ್ ಹೊಡೆಯುತ್ತದೆ, ನಾಲಿಗೆಗೆ ಬೆಲ್ಲದ ಪಾಕದಂತೆ ಅಂಟುತ್ತದೆ. ಕುಡಿದವರು ‘ನಮ್ಮ ಕಡೆ ವೈನ್ ಇಷ್ಟೇ’ ಎಂದು ಬಾಟಲಿ ಬದಿಗಿಡುತ್ತಾರೆ. ಅದೇ ಬಾಟಲಿಯನ್ನು 17 ಡಿಗ್ರಿಗೆ ಇಳಿಸಿ ಕೊಟ್ಟರೆ ಅವರಿಗೆ ಗುರುತೇ ಸಿಗಲಿಕ್ಕಿಲ್ಲ.

ಕಾರಣ ಸರಳ. ಕಾವು ಏರಿದಷ್ಟೂ ಆಲ್ಕೊಹಾಲ್ ಬೇಗ ಆವಿಯಾಗಿ ಹಣ್ಣಿನ ವಾಸನೆಯನ್ನು ಮುಚ್ಚುತ್ತದೆ, ಸಿಹಿ ಮುಂದೆ ಬರುತ್ತದೆ, ಹುಳಿ ಮಂಕಾಗುತ್ತದೆ. ತೀರಾ ತಣ್ಣಗಾದರೆ ಇದರ ಉಲ್ಟಾ: ವಾಸನೆ ಏಳುವುದಿಲ್ಲ, ಒಗರು ಮತ್ತು ಕಹಿ ಹರಿತವಾಗುತ್ತವೆ. ಹಾಗಾಗಿ ಬೇಸಿಗೆಯಲ್ಲಿ ಬರೆದ ರುಚಿಯ ಟಿಪ್ಪಣಿಯಲ್ಲಿ ಎಷ್ಟೋ ಪಾಲು ವೈನಿನದಲ್ಲ, ಆ ಹೊತ್ತಿನ ಹವೆಯದು. ಹವೆ ಬರೆಯದ ಟಿಪ್ಪಣಿ ಜುಲೈ ತಿಂಗಳಲ್ಲಿ ತೆಗೆದು ಓದಿದರೆ ಯಾವ ಉಪಯೋಗಕ್ಕೂ ಬಾರದು.

ಕೊಳ್ಳುವಾಗಲೇ ನೋಡಿ

ಬೇಸಿಗೆಯ ಅರ್ಧ ಸಮಸ್ಯೆ ಅಂಗಡಿಯಲ್ಲೇ ಶುರುವಾಗುತ್ತದೆ. ಬೀದಿಗೆ ಮುಖ ಮಾಡಿದ ಗಾಜಿನ ಕಪಾಟಿನಲ್ಲಿ ನಿಲ್ಲಿಸಿದ ಬಾಟಲಿ ಬೇಡ. ಒಳಗಿನ ನೆರಳಿನ ಸಾಲಿನಿಂದ ಅಥವಾ ಫ್ರಿಜ್ಜಿನಿಂದ ಕೇಳಿ. ಕಾರ್ಕ್ ಬಾಟಲಿಯ ಬಾಯಿಗೆ ಸಮವಾಗಿರಬೇಕು. ಮೇಲಿನ ಹೊದಿಕೆ ಉಬ್ಬಿದ್ದರೆ, ಬಾಯಿಯ ಸುತ್ತ ಅಂಟಂಟು ಕಲೆಯಿದ್ದರೆ, ಒಳಗಿನ ವೈನ್ ಕಾದು ಹಿಗ್ಗಿ ಕಾರ್ಕನ್ನು ಮೇಲೆ ನೂಕಿದೆ ಎಂದರ್ಥ. ಕುತ್ತಿಗೆಯಲ್ಲಿ ವೈನಿನ ಮಟ್ಟ ಪಕ್ಕದ ಬಾಟಲಿಗಿಂತ ಇಳಿದಿದ್ದರೂ ಅದೇ ಅನುಮಾನ. ತಿರುಚುವ ಮುಚ್ಚಳದ ಬಾಟಲಿ ಈ ಸೀಮೆಗೆ ಒಳ್ಳೆಯದು. ಒಣ ಹವೆಯಲ್ಲಿ ಕಾರ್ಕ್ ಒಣಗಿ ಸಡಿಲಾಗುವ ಭಯವಿಲ್ಲ.

ತಯಾರಿಕೆಯ ತಿಂಗಳೂ ಮುಖ್ಯ. ಬಿಳಿ ಮತ್ತು ರೋಸೆ (ತಿಳಿಗೆಂಪು) ವೈನ್ ಒಂದೆರಡು ವರ್ಷದ ಒಳಗಿನದಾಗಿರಲಿ. ಹವಾನಿಯಂತ್ರಣವಿಲ್ಲದ ಅಂಗಡಿಯಲ್ಲಿ ಎರಡು ಬೇಸಿಗೆ ಕಳೆದ ಬಿಳಿ ವೈನ್ ಶೆನಿನ್ ಬ್ಲಾಂಕ್‌ನಿಂದ ಏನನ್ನೂ ನಿರೀಕ್ಷಿಸಬೇಡಿ.

ಕೊಂಡ ಮೇಲೆ ನೇರ ಮನೆಗೆ. ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗೆ ಕಾವು 50 ಡಿಗ್ರಿ ದಾಟುತ್ತದೆ. ಅಲ್ಲಿ ಒಂದು ಮಧ್ಯಾಹ್ನ ಕಳೆದ ವೈನ್ ಬೆಂದು ಹೋಗುತ್ತದೆ. ಅಥಣಿಯಿಂದಲೋ ಬೆಳಗಾವಿಯಿಂದಲೋ ತರುವುದಿದ್ದರೆ ಥರ್ಮೋಕೋಲ್ ಡಬ್ಬಿ, ಇಲ್ಲವೇ ಒದ್ದೆ ಗೋಣಿತಾಟಿನಲ್ಲಿ ಸುತ್ತಿದ ಬಾಟಲಿ. ಒದ್ದೆ ಬಟ್ಟೆಯ ಉಪಾಯ ವಿಜಯಪುರ, ಬಾಗಲಕೋಟೆಯ ಒಣ ಝಳದಲ್ಲಿ ಚೆನ್ನಾಗಿ ನಡೆಯುತ್ತದೆ. ಹೊರಗೆ 40 ಡಿಗ್ರಿ ಇದ್ದು ತೇವಾಂಶ ಶೇ 20ರಷ್ಟಿದ್ದರೆ, ಗಾಳಿಗಿಟ್ಟ ಒದ್ದೆ ಬಟ್ಟೆ ಬಾಟಲಿಯನ್ನು 25ರ ಆಸುಪಾಸಿಗೆ ಇಳಿಸಬಲ್ಲದು. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ ಹೀಗೆಯೇ. ಮೇ ತಿಂಗಳ ಬೆಳಗಾವಿಯಲ್ಲಿ ಪಡುವಣ ಗಾಳಿ ತೇವ ಹೊತ್ತು ತಂದಾಗ ಈ ಉಪಾಯದ ಬಲ ಕಡಿಮೆ.

ಮನೆಯಲ್ಲಿ ವೈನಿಗೆ ಬೇರೆ ಫ್ರಿಜ್ ಬೇಕಿಲ್ಲ. ತರಕಾರಿ ಇಡುವ ಕೆಳಗಿನ ಡಬ್ಬಿ ಸಾಕು. ಅಟ್ಟ, ಮಾಳಿಗೆಗೆ ತಾಗಿದ ಕಪಾಟು, ಅಡುಗೆಮನೆಯ ಫ್ರಿಜ್ಜಿನ ತಲೆ, ಈ ಮೂರೂ ಬೇಡ.

ತಣಿಸುವ ಲೆಕ್ಕ

ಗುರಿ ಹೀಗಿರಲಿ: ಬಿಳಿ ಮತ್ತು ರೋಸೆ 8ರಿಂದ 12 ಡಿಗ್ರಿ, ಹಗುರ ಕೆಂಪು 14–15, ಗಟ್ಟಿ ಕೆಂಪು 16ರಿಂದ 18. ನೊರೆಯ ವೈನ್ 6ರಿಂದ 8. ಈ ನೊರೆ ವೈನ್ ಬಗ್ಗೆ ಒಂದು ಎಚ್ಚರಿಕೆ: ಬಾಟಲಿಯ ಒಳಗೆ ಐದಾರು ಪಟ್ಟು ವಾಯುಭಾರದ ಒತ್ತಡ ಇರುತ್ತದೆ. ಬೆಚ್ಚಗಿನ ಬಾಟಲಿ ತೆರೆದರೆ ಕಾರ್ಕ್ ಕಣ್ಣಿಗೆ ಹಾರುತ್ತದೆ, ಅರ್ಧ ವೈನ್ ನೆಲಕ್ಕೆ.

35 ಡಿಗ್ರಿಯಲ್ಲಿದ್ದ 750 ಮಿಲಿಯ ಬಾಟಲಿ ಫ್ರಿಜ್ಜಿನಲ್ಲಿ 10ಕ್ಕೆ ಇಳಿಯಲು ಮೂರೂವರೆ ತಾಸು ಬೇಕು; ಕೆಂಪು 17ಕ್ಕೆ ಇಳಿಯಲು ಎರಡು ತಾಸಿನ ಹತ್ತಿರ. ಬೇಸಿಗೆಯಲ್ಲಿ ಹೊತ್ತು ಗೊತ್ತಿಲ್ಲದೆ ಕರೆಂಟ್ ಹೋಗುವ ಊರಿನಲ್ಲಿ ಇದನ್ನು ನಂಬಿ ಕೂರಬೇಡಿ. ಬಕೆಟ್‌ಗೆ ಅರ್ಧ ಐಸ್, ಅರ್ಧ ನೀರು, ಒಂದು ಹಿಡಿ ಉಪ್ಪು ಹಾಕಿ ಬಾಟಲಿಯನ್ನು ಕುತ್ತಿಗೆಯವರೆಗೆ ಮುಳುಗಿಸಿ. ಬಿಳಿಗೆ 20 ನಿಮಿಷ, ಕೆಂಪಿಗೆ 10 ನಿಮಿಷ ಸಾಕು. ನಡುವೆ ಎರಡು ಸಲ ಬಾಟಲಿಯನ್ನು ನಿಧಾನಕ್ಕೆ ತಿರುಗಿಸಿ. ಬರೀ ಐಸ್ ತುಂಬಿದರೆ ತುಂಡುಗಳ ನಡುವೆ ಗಾಳಿ ಉಳಿದು ತಂಪು ಗಾಜಿಗೆ ದಾಟುವುದಿಲ್ಲ, ಆದ್ದರಿಂದ ನೀರು ಬೇಕೇ ಬೇಕು. ಉಪ್ಪು ನೀರನ್ನು ಸೊನ್ನೆಗಿಂತ ಕೆಳಗೆ ಇಳಿಸುತ್ತದೆ. ಫ್ರೀಜರಿನಲ್ಲಿಟ್ಟು ಮರೆತರೆ ವೈನ್ ಹೆಪ್ಪುಗಟ್ಟಿ ಕಾರ್ಕ್ ನೂಕುತ್ತದೆ, ಕೆಲವೊಮ್ಮೆ ಬಾಟಲಿಯನ್ನೇ ಸೀಳುತ್ತದೆ. ವೈನಿಗೆ ಐಸ್ ತುಂಡು ಹಾಕಿಕೊಳ್ಳುವುದು ನಿಮ್ಮಿಷ್ಟ, ಆದರೆ ರುಚಿ ಬರೆಯುವ ಗ್ಲಾಸಿಗೆ ಹಾಕಬೇಡಿ.

ಸುರಿಯುವಾಗ ಗುರಿಗಿಂತ ಎರಡು ಡಿಗ್ರಿ ಕಡಿಮೆಯೇ ಇರಲಿ. ಗ್ಲಾಸಿನಲ್ಲಿರುವ 50 ಮಿಲಿ ವೈನ್ 35 ಡಿಗ್ರಿಯ ಕೋಣೆಯಲ್ಲಿ ಹತ್ತು ನಿಮಿಷಕ್ಕೆ ಐದಾರು ಡಿಗ್ರಿ ಏರುತ್ತದೆ. ಅಡುಗೆಗೆ ಬಳಸುವ ಕಡ್ಡಿ ಥರ್ಮಾಮೀಟರ್ ಒಂದಿದ್ದರೆ ಊಹೆಯ ಕೆಲಸವೇ ಇಲ್ಲ.

ಹೊತ್ತು, ಜಾಗ, ಗ್ಲಾಸು

ಮಾಳಿಗೆಯ ಮೇಲೆ ಕುಳಿತು ಗಾಳಿಗೆ ವೈನ್ ಕುಡಿಯುವುದು ಚೆಂದ, ರುಚಿ ನೋಡುವುದಕ್ಕಲ್ಲ. ಹಗಲೆಲ್ಲ ಕಾದ ಕಲ್ಲು, ಕಾಂಕ್ರೀಟು ರಾತ್ರಿ ಹತ್ತರವರೆಗೂ ಕಾವು ಬಿಡುತ್ತಲೇ ಇರುತ್ತವೆ; ಬೀಸುವ ಗಾಳಿ ಗ್ಲಾಸಿನ ವಾಸನೆಯನ್ನು ಹೊತ್ತೊಯ್ಯುತ್ತದೆ. ಕೆಳಗಿನ ಕೋಣೆಯಲ್ಲಿ, ಊಟಕ್ಕೆ ಮೊದಲು, ಏಳೂವರೆಯಿಂದ ಒಂಬತ್ತರ ಒಳಗೆ ಕೂರಿ. ಒಗ್ಗರಣೆ ಬಿದ್ದ ಮೇಲೆ ಮೂಗಿಗೆ ಅರ್ಧ ತಾಸು ಬೇರೇನೂ ಹಿಡಿಯುವುದಿಲ್ಲ. ಊದಿನಕಡ್ಡಿ, ಮುಡಿದ ಮಲ್ಲಿಗೆ, ಸೊಳ್ಳೆಗೆ ಹಚ್ಚಿದ ಮುಲಾಮು, ಬೆವರಿಗೆ ಬಳಿದ ಪೌಡರ್ ಎಲ್ಲವೂ ಅಡ್ಡಿಯೇ.

ಎಲ್ಲಕ್ಕಿಂತ ದೊಡ್ಡ ಅಡ್ಡಿ ಏರ್ ಕೂಲರ್. ಅದರ ಹುಲ್ಲಿನ ಪ್ಯಾಡು, ಲಾವಂಚದ ಪ್ಯಾಡು ನೆನೆದಾಗ ಬರುವ ವಾಸನೆ ಕೋಣೆ ತುಂಬುತ್ತದೆ. ಹಳೆಯ ಪ್ಯಾಡಾದರೆ ಬೂಷ್ಟಿನ ವಾಸನೆ. ಕಾರ್ಕ್ ಕೆಟ್ಟ ವೈನೂ ಹೀಗೆಯೇ ನಾರುವುದರಿಂದ ಒಳ್ಳೆಯ ಬಾಟಲಿಗೆ ಸುಳ್ಳು ದೋಷ ಬರೆಯುವ ಸಂಭವ ಇದೆ. 20 ನಿಮಿಷ ಮೊದಲೇ ಕೂಲರ್ ಬಂದ್ ಮಾಡಿ. ಇನ್ನೊಂದು ಕಡೆ, ಒಣ ಹವೆಯಲ್ಲಿ ಮೂಗೂ ಒಣಗಿ ಸೂಕ್ಷ್ಮ ಕಳೆದುಕೊಳ್ಳುತ್ತದೆ. ಮುಖ ತೊಳೆದು, ಒಂದು ಲೋಟ ನೀರು ಕುಡಿದು ಕೂರಿ.

ಗ್ಲಾಸು ಕಾಂಡವಿರುವುದು, ಬಾಯಿ ಒಳಮುಖವಾಗಿ ಕಿರಿದಾಗಿರುವುದು. ಕಾಂಡ ಹಿಡಿಯುವುದು ಡೌಲಿಗಲ್ಲ, ಬೆಚ್ಚಗಿನ ಅಂಗೈ ವೈನಿಗೆ ತಾಗಬಾರದೆಂದು. ಬೋರ್‌ವೆಲ್ಲಿನ ಸವಳು ನೀರಿನಲ್ಲಿ ತೊಳೆದ ಗ್ಲಾಸಿನ ಮೇಲೆ ಬಿಳಿ ಪೊರೆ ಉಳಿದು ಬಣ್ಣ ಮಬ್ಬಾಗಿ ಕಾಣುತ್ತದೆ; ಕೊನೆಯ ಸಲ ಶುದ್ಧ ನೀರಿನಲ್ಲಿ ಜಾಲಿಸಿ, ಹತ್ತಿ ಬಟ್ಟೆಯಿಂದ ಕೂಡಲೇ ಒರೆಸಿ. ನಡುನಡುವೆ ಕುಡಿಯುವುದಕ್ಕೂ ಅದೇ ನೀರು.

ರುಚಿ ನೋಡುವ ಕ್ರಮ

ಒಂದು ಸಂಜೆಗೆ ಮೂರು, ಹೆಚ್ಚೆಂದರೆ ನಾಲ್ಕು ವೈನ್. ತಲಾ 50 ಮಿಲಿ. ನಾಲ್ಕೂ ನುಂಗಿದರೆ 200 ಮಿಲಿ. ಶೇ 13ರ ವೈನಿನಲ್ಲಿ ಅದು 20 ಗ್ರಾಮ್ ಶುದ್ಧ ಆಲ್ಕೊಹಾಲ್. ಬಿಸಿಲಿಗೆ ಮೊದಲೇ ಬೆವತು ಬತ್ತಿದ ಮೈಗೆ ಅದು ಕಡಿಮೆಯೇನಲ್ಲ. ಪ್ರತಿ ವೈನಿಗೆ ಒಂದು ಲೋಟ ನೀರು, ಉಗುಳಲು ಪಕ್ಕದಲ್ಲಿ ಒಂದು ಸ್ಟೀಲ್ ಡಬರಿ. ವೃತ್ತಿಯವರೆಲ್ಲ ಉಗುಳುತ್ತಾರೆ, ಸಂಕೋಚ ಬೇಡ. 21 ತುಂಬದವರಿಗೆ, ಬಸುರಿಯರಿಗೆ, ಗಾಡಿ ಓಡಿಸುವವರಿಗೆ ಈ ಕೂಟವೇ ಅಲ್ಲ.

ಬಿಳಿಯಿಂದ ಕೆಂಪಿಗೆ, ಹಗುರದಿಂದ ಗಟ್ಟಿಗೆ, ಸಿಹಿ ಕೊನೆಗೆ. ಸುರಿದ ತಕ್ಷಣ ಬಿಳಿ ಕಾಗದದ ಮೇಲೆ ಗ್ಲಾಸು ಓರೆ ಮಾಡಿ ಬಣ್ಣ ನೋಡಿ. ಬೆಳಗಾವಿಯ ತೇವದ ಸಂಜೆಯಲ್ಲಿ ತಣ್ಣನೆಯ ಗ್ಲಾಸಿನ ಹೊರಮೈ ನಿಮಿಷದಲ್ಲಿ ಬೆವರುತ್ತದೆ, ಆಮೇಲೆ ಏನೂ ಕಾಣದು. ಎಳೆಯ ಬಿಳಿ ವೈನ್ ಕಂದಿದ ಚಿನ್ನದ ಬಣ್ಣಕ್ಕೆ ತಿರುಗಿದ್ದರೆ, ಎಳೆಯ ಕೆಂಪಿನ ಅಂಚು ಇಟ್ಟಂಗಿಯ ಬಣ್ಣವಾಗಿದ್ದರೆ ಕಾವಿನ ಗುಮಾನಿ ಇರಲಿ.

ಗ್ಲಾಸು ಅಲುಗಿಸುವ ಮೊದಲು ಒಮ್ಮೆ ಮೂಸಿ, ಸುತ್ತ ತಿರುಗಿಸಿ ಇನ್ನೊಮ್ಮೆ ಮೂಸಿ. ಚಿಕ್ಕ ಗುಟುಕು ತೆಗೆದುಕೊಂಡು ಬಾಯಿಯ ಎಲ್ಲ ಕಡೆ ಆಡಿಸಿ, ತುಸು ಗಾಳಿ ಎಳೆದು, ಉಗುಳಿ. ಹುಳಿ ಎಷ್ಟೆಂದು ಜೊಲ್ಲು ಹೇಳುತ್ತದೆ, ಒಗರು ಎಷ್ಟೆಂದು ಒಸಡು ಹೇಳುತ್ತದೆ, ಆಲ್ಕೊಹಾಲ್ ಎಷ್ಟೆಂದು ಗಂಟಲು. ಉಗುಳಿದ ಮೇಲೆ ರುಚಿ ಎಷ್ಟು ಸೆಕೆಂಡು ನಿಂತಿತು ಎಂಬುದನ್ನೂ ಎಣಿಸಿ.

ನಂತರ ಹತ್ತು ನಿಮಿಷ ಸುಮ್ಮನಿರಿ, ಅದೇ ಗ್ಲಾಸನ್ನು ಮತ್ತೆ ನೋಡಿ. ಬೇಸಿಗೆಯ ಉಪಕಾರ ಇದೊಂದೇ: ಒಂದೇ ವೈನನ್ನು ಎರಡು ಕಾವಿನಲ್ಲಿ ನೋಡಲು ಬೇರೆ ಏನೂ ಮಾಡಬೇಕಿಲ್ಲ, ಕೋಣೆಯೇ ಆ ಕೆಲಸ ಮಾಡುತ್ತದೆ. ಹೀಗೆ ಎರಡು ಸಲ ನೋಡದೆ ಯಾವ ವೈನಿನ ಬಗ್ಗೆಯೂ ತೀರ್ಪು ಬರೆಯಬೇಡಿ.

ಬರೆಯುವುದು ಹೇಗೆ

ಮೊದಲ ಸಾಲಿನಲ್ಲಿ ದಿನ, ಹೊತ್ತು, ಕೋಣೆಯ ಕಾವು, ಒಣ ಹವೆಯೋ ತೇವವೋ, ಫ್ಯಾನ್ ಕೂಲರ್ ಸ್ಥಿತಿ. ಆಮೇಲೆ ವೈನಿನ ಹೆಸರು, ಕೊಯ್ಲಿನ ವರ್ಷ. ಒಂದು ಮಾದರಿ:

“ಏಪ್ರಿಲ್ 22, ರಾತ್ರಿ 8. ಪಡಸಾಲೆ 33, ಒಣ ಹವೆ, ಕೂಲರ್ ಬಂದ್. ಶೆನಿನ್ ಬ್ಲಾಂಕ್, ಕಳೆದ ವರ್ಷದ ಕೊಯ್ಲು. 9 ಡಿಗ್ರಿಗೆ: ತಿಳಿ ಹುಲ್ಲಿನ ಬಣ್ಣ, ಲಿಂಬೆ ಸಿಪ್ಪೆ, ದೋರೆ ಪೇರಲ, ಹುಳಿ ಚುರುಕು. 15ಕ್ಕೆ: ಪೇರಲ ಮಾಗಿತು, ಜೇನು ಬಂತು, ಹುಳಿ ಇಳಿಯಿತು, ಕೊನೆಗೆ ತುಸು ಕಹಿ. 10ರಲ್ಲಿ ಕುಡಿಯುವ ವೈನ್.”

ನೆಲ್ಲಿಯಂಥ ಗೂಸ್‌ಬೆರ್ರಿ, ಕಪ್ಪು ಕರಂಟ್ ಎಂದು ಕಾಣದ ಹಣ್ಣುಗಳ ಹೆಸರು ಬರೆಯುವ ಚಟ ಬಿಡಿ. ವಿಜಯಪುರದ ಇಂಡಿ ತಾಲ್ಲೂಕಿನ ಲಿಂಬೆ, ಬಾಗಲಕೋಟೆಯ ದಾಳಿಂಬೆ, ಕವಳಿಹಣ್ಣು, ನೇರಳೆ, ಬಾರಿಹಣ್ಣು, ಹುಣಸೆ, ಇವು ನಾಲಿಗೆಗೆ ಗೊತ್ತಿರುವವು. ಮಸಾಲೆ ಡಬ್ಬಿಯೂ ನೆರವಿಗೆ ಬರುತ್ತದೆ. ಶಿರಾಜ್‌ನಲ್ಲಿ ಕರಿಮೆಣಸು ಮೂಗಿಗೆ ಬಂದರೆ ಅದು ಭ್ರಮೆಯಲ್ಲ. ಮೆಣಸಿನ ಘಾಟಿಗೆ ಕಾರಣವಾದ ರೊಟುಂಡೋನ್ ಆ ದ್ರಾಕ್ಷಿಯ ಸಿಪ್ಪೆಯಲ್ಲೂ ಇರುತ್ತದೆ. ಓಕ್ ಪೀಪಾಯಿಯಲ್ಲಿಟ್ಟ ವೈನಿನ ಲವಂಗದ ವಾಸನೆ ನಿಜವಾದ ಲವಂಗದಲ್ಲಿರುವ ಯೂಜಿನಾಲ್‌ನದೇ. ಕೆಂಪು ವೈನ್ ಕ್ಯಾಬರ್ನೆ ಸೊವಿನ್ಯಾನ್‌ನಲ್ಲಿ ಡಬ್ಬು ಮೆಣಸಿನಕಾಯಿಯ ಹಸಿ ವಾಸನೆ ಇದ್ದರೆ ದ್ರಾಕ್ಷಿ ಪೂರ್ತಿ ಮಾಗಿರಲಿಲ್ಲ ಎಂದು ಊಹಿಸಬಹುದು.

ಈ ಭಾಗದವರಿಗೆ ಒಂದು ವಾಸನೆ ಚೆನ್ನಾಗಿ ಗೊತ್ತು: ಮಣೂಕ, ಅಂದರೆ ಒಣದ್ರಾಕ್ಷಿ. ವಿಜಯಪುರದ ತೋಟಗಳಲ್ಲಿ ಬೆಳೆಯುವ ದ್ರಾಕ್ಷಿಯ ಬಹುಪಾಲು ಥಾಮ್ಸನ್ ಸೀಡ್‌ಲೆಸ್ ಮತ್ತು ಅದರ ಬಳಗ, ಒಣಗಿಸಲಿಕ್ಕೆ. ವೈನಿನ ತಳಿಗಳ ಪಾಲು ಚಿಕ್ಕದು. ಒಣ (ಸಿಹಿಯಿಲ್ಲದ) ಕೆಂಪು ವೈನಿನಲ್ಲಿ ಮಣೂಕ ಶೆಡ್ಡಿನ ವಾಸನೆ ಬಂದರೆ ಎರಡು ಸಾಧ್ಯತೆ. ದ್ರಾಕ್ಷಿ ಗಿಡದಲ್ಲೇ ಅತಿಯಾಗಿ ಮಾಗಿತ್ತು, ಅಥವಾ ಬಾಟಲಿ ಆಮೇಲೆ ಬಿಸಿಲಿಗೆ ಬೆಂದಿದೆ. ಅತಿಮಾಗಿದ್ದರಲ್ಲಿ ಹಣ್ಣಿನ ತಿರುಳು ದಟ್ಟವಾಗಿ ಉಳಿದಿರುತ್ತದೆ. ಬೆಂದದ್ದರಲ್ಲಿ ವಾಸನೆ ಇದ್ದರೂ ಬಾಯಲ್ಲಿ ಏನೂ ನಿಲ್ಲುವುದಿಲ್ಲ, ಕುದಿಸಿದ ಹಣ್ಣಿನ ಸಪ್ಪೆತನ ಮಾತ್ರ.

ಉಳಿದ ದೋಷಗಳನ್ನು ಬೇಗ ಹೇಳಿಬಿಡಬಹುದು. ನೆನೆದ ಗೋಣಿಚೀಲ ನಾರಿದರೆ ಕಾರ್ಕ್ ಕೆಟ್ಟಿದೆ, ಬಾಟಲಿ ವಾಪಸ್. ಹೆಚ್ಚಿಟ್ಟು ಕಂದಿದ ಸೇಬಿನ ವಾಸನೆ ಗಾಳಿ ತಾಗಿದ್ದರ ಗುರುತು. ವಿನೆಗರ್ ಅಥವಾ ನೇಲ್ ಪಾಲಿಶ್ ಘಾಟಿಗೆ ಮದ್ದಿಲ್ಲ. ಬೇಯಿಸಿದ ತತ್ತಿಯ ವಾಸನೆ, ಕಡ್ಡಿ ಗೀರಿದ ವಾಸನೆ ಮಾತ್ರ ಗ್ಲಾಸು ತಿರುಗಿಸಿ ಹತ್ತು ನಿಮಿಷ ಬಿಟ್ಟರೆ ಸಾಮಾನ್ಯವಾಗಿ ಹೋಗುತ್ತದೆ.

ಅಡ್ಡಮಳೆ ಬಿದ್ದ ಸಂಜೆ ಒಂದು ವಿಶೇಷ ಎಚ್ಚರ ಬೇಕು. ಮೊದಲ ಹನಿಗೆ ಏಳುವ ಮಣ್ಣಿನ ವಾಸನೆಯ ಮೂಲ ಜಿಯೋಸ್ಮಿನ್, ನೆಲದ ಸೂಕ್ಷ್ಮಜೀವಿಗಳು ಮಾಡುವ ವಸ್ತು. ಬೀಟ್‌ರೂಟಿನ ಮಣ್ಣುರುಚಿಯೂ ಅದೇ, ಕೊಳೆತ ಗೊಂಚಲು ಸೇರಿದ ವೈನಿನ ದೋಷವೂ ಅದೇ. ನಮ್ಮ ಮೂಗು ಅದನ್ನು ಅತಿ ಕಡಿಮೆ ಪ್ರಮಾಣದಲ್ಲೂ ಹಿಡಿಯುತ್ತದೆ. ಹೊರಗೆ ಮಣ್ಣು ಘಮಘಮಿಸುವಾಗ ಕೆಂಪು ವೈನಿಗೆ ‘ಮಣ್ಣಿನ ವಾಸನೆ’ ಎಂದು ಬರೆದರೆ ಅದು ಯಾರದೆಂದು ಹೇಳುವವರಿಲ್ಲ. ಆ ಸಂಜೆ ಸುಮ್ಮನೆ ಕುಡಿಯಿರಿ, ಬರೆಯುವುದು ನಾಳೆ.

ಜೊತೆಗೆ ಏನು

ರುಚಿ ನೋಡುವಾಗ ನಡುವೆ ನಾಲಿಗೆ ತೊಳೆಯಲು ಕಡಕ್ ಜೋಳದ ರೊಟ್ಟಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಉಪ್ಪಿಲ್ಲ, ಎಣ್ಣೆಯಿಲ್ಲ, ಸಪ್ಪಗೆ. ಹಿಂಡಿ, ಚಟ್ನಿ ದೂರವಿರಲಿ. ಬರೆದು ಮುಗಿದ ಮೇಲೆ ಮಿರ್ಚಿ ಭಜಿ ಬರಲಿ. ಖಾರಕ್ಕೆ ತುಸು ಸಿಹಿಯಿರುವ ತಣ್ಣನೆಯ ಶೆನಿನ್ ಸರಿಹೊಂದುತ್ತದೆ. ಒಗರು ಹೆಚ್ಚಿರುವ, ಶೇ 14ರ ಕೆಂಪು ಖಾರವನ್ನು ಇನ್ನಷ್ಟು ಉರಿಸುತ್ತದೆ. ಶೇಂಗಾ ಹುಡಿ ತುಂಬಿದ ಎಣ್ಣೆಗಾಯಿಗೆ ಮಾತ್ರ 16 ಡಿಗ್ರಿಯ ಶಿರಾಜ್ ಒಪ್ಪುತ್ತದೆ, ಎಣ್ಣೆ ಒಗರನ್ನು ಮೆತ್ತಗಾಗಿಸುವುದರಿಂದ. ಕುಂದಾ, ಕರದಂಟು ತಿಂದು ಒಣ ವೈನ್ ಕುಡಿದರೆ ಲಿಂಬೆರಸ ಕುಡಿದಂತೆ ಹುಳಿ.

ಉಳಿದ ವೈನನ್ನು ತೊಳೆದು ಒಣಗಿಸಿದ 180 ಅಥವಾ 375 ಮಿಲಿಯ ಬಾಟಲಿಗೆ ಕಂಠಮಟ್ಟ ತುಂಬಿ, ಗಾಳಿಗೆ ಜಾಗ ಬಿಡದೆ ಮುಚ್ಚಿ, ಫ್ರಿಜ್ಜಿನಲ್ಲಿಡಿ. ಕೆಂಪಿಗೂ ಇದೇ ನಿಯಮ. ಎರಡು ಮೂರು ದಿನ ತಡೆಯುತ್ತದೆ. ಮೇಜಿನ ಮೇಲೆ ಬಿಟ್ಟರೆ ಈ ಸೆಕೆಗೆ ಮರುದಿನ ಸಂಜೆಯೊಳಗೆ ಹುಳಿ ತಿರುಗಲು ಶುರು.