ಹತ್ತು ಜೋಡಿ ಟ್ರೇ, ಎಂಟು ಊರು

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ದಾರಿಯಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ ನಮ್ಮ ನರ್ಸರಿ ಇದೆ. ಟೊಮೆಟೊ, ಕ್ಯಾಪ್ಸಿಕಂ, ಹೂಕೋಸಿನ ಸಸಿ ಬೆಳೆಸಿ ರೈತರಿಗೆ ಕೊಡುತ್ತೇವೆ. ಈ ಕಡೆ ಅದನ್ನು ಸಸಿ ಅನ್ನುವವರು ಕಡಿಮೆ, ಎಲ್ಲರ ಬಾಯಲ್ಲೂ ನಾರು.

2023ರ ಜುಲೈ ಯಾರಿಗೂ ಮರೆತಿರಲಿಕ್ಕಿಲ್ಲ. ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಅದಕ್ಕೆ ಸ್ವಲ್ಪ ಮುಂಚೆ, ಜೂನ್ ಕೊನೆಯಲ್ಲಿ, ನಾರನ್ನು ಹೊಲದ ತನಕ ಪುಕ್ಕಟೆ ತಲುಪಿಸುವ ಕೆಲಸ ಶುರು ಮಾಡಿದ್ದೆ. ಜುಲೈನಲ್ಲಿ ಆರ್ಡರ್ ದುಪ್ಪಟ್ಟಾಯಿತು. ಡೆಲಿವರಿ ಕೈಹಿಡಿಯಿತು ಎಂದು ನಂಬಿ ಸಾಲ ಮಾಡಿ ಎರಡನೇ ಟೆಂಪೋ ತಂದೆ. ಬೆಲೆ ಇಳಿದ ಮೇಲೆ ಆರ್ಡರೂ ಇಳಿದವು. ಟೆಂಪೋ ಮಾರಿ ಸಾಲ ತೀರಿಸುವಷ್ಟರಲ್ಲಿ ತೊಂಬತ್ತು ಸಾವಿರ ಹೋಗಿತ್ತು. ಡೆಲಿವರಿ ಇಲ್ಲದಿದ್ದರೂ ಆ ಜುಲೈನಲ್ಲಿ ಎಷ್ಟು ಆರ್ಡರ್ ಬರುತ್ತಿದ್ದವು ಎಂಬ ಪ್ರಶ್ನೆಯನ್ನು ನಾನು ಕೇಳಿಕೊಂಡೇ ಇರಲಿಲ್ಲ.

ನಾನು ಬಿಎಸ್ಸಿಯಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಹೈಪಾಥಿಸಿಸ್ ಟೆಸ್ಟಿಂಗ್ ಮೇಲೆ ಹತ್ತು ಅಂಕದ ಉತ್ತರ ಬರೆದು ಪಾಸಾಗಿ, ಪುಸ್ತಕವನ್ನು ಅಟ್ಟಕ್ಕೆ ಹಾಕಿದ್ದೆ. ಆ ವರ್ಷ ದೀಪಾವಳಿಗೆ ಮನೆ ಸುಣ್ಣ ಬಳಿಯುವಾಗ ಅದು ಕೆಳಗಿಳಿಯಿತು. ಅದರ ತಿರುಳು ಇಷ್ಟೇ: ಹೊಸದು, ಹಳೆಯದು ಎರಡೂ ಒಂದೇ, ವ್ಯತ್ಯಾಸವೇನೂ ಇಲ್ಲ ಎಂದು ಮೊದಲು ಇಟ್ಟುಕೊಳ್ಳಬೇಕು. ಇದೇ ಶೂನ್ಯ ಕಲ್ಪನೆ. ಅದು ನಿಜವಾಗಿದ್ದರೆ, ಕಣ್ಣಿಗೆ ಬಿದ್ದಷ್ಟು ಅಥವಾ ಅದಕ್ಕಿಂತ ದೊಡ್ಡ ಅಂತರ ಬರೀ ಅದೃಷ್ಟದಿಂದ ಎಷ್ಟು ಸಲ ಬಂದೀತು ಎಂದು ಲೆಕ್ಕ ಹಾಕಬೇಕು. ತೀರಾ ಅಪರೂಪಕ್ಕೆ ಮಾತ್ರ ಬರುವಂಥದ್ದಾದರೆ ಶೂನ್ಯ ಕಲ್ಪನೆಯನ್ನು ಕೈಬಿಡಬಹುದು.

ಮೊದಲು ಪರೀಕ್ಷಿಸಿದ್ದು ಕೋಕೋಪೀಟ್, ಅಂದರೆ ಟ್ರೇಗಳಲ್ಲಿ ಮಣ್ಣಿನ ಬದಲು ತುಂಬುವ ತೆಂಗಿನ ಸಿಪ್ಪೆಯ ಪುಡಿ. ಹೊಸ ಸರಬರಾಜುದಾರರ ಮಾಲು ಸ್ವಲ್ಪ ದುಬಾರಿ. ಅದರಲ್ಲಿ 20 ಟ್ರೇ, ಹಳೆಯದರಲ್ಲಿ 20 ಟ್ರೇ ಹಾಕಿದೆ. ಟ್ರೇಗೆ 98 ಕುಳಿ, ಅಂದರೆ ಎರಡೂ ಕಡೆ ತಲಾ 1960 ಬೀಜ. ಹಳೆಯದರಲ್ಲಿ 1686 ಮೊಳೆತವು, ಹೊಸದರಲ್ಲಿ 1744. ಶೇ 86 ಮತ್ತು ಶೇ 89. ಸೂತ್ರಕ್ಕೆ ಹಾಕಿದರೆ ಝಡ್ ಬೆಲೆ, ಅಂದರೆ ಅಂತರವು ಅದೃಷ್ಟದ ಸಾಮಾನ್ಯ ಏರಿಳಿತದ ಎಷ್ಟು ಪಟ್ಟು ಎಂಬ ಅಳತೆ, 2.8. ಇಂಥ ಅಂತರ ಅದೃಷ್ಟದಿಂದ ಬರುವುದು ಇನ್ನೂರಕ್ಕೆ ಒಂದು ಸಲ. ಆರ್ಡರ್ ಕೊಡಲು ಫೋನ್ ಕೈಗೆತ್ತಿಕೊಂಡಿದ್ದೆ.

ಯಾಕೋ ಸಮಾಧಾನವಾಗದೆ ಎಣಿಕೆ ಬರೆದಿಟ್ಟ ನೋಟ್‌ಬುಕ್ಕನ್ನು ಮತ್ತೆ ತೆರೆದೆ. ಹಳೆಯ ಪೀಟಿನ ಮೂರು ಟ್ರೇಗಳಲ್ಲಿ 64, 67, 67 ಮಾತ್ರ ಮೊಳೆತಿದ್ದವು. ಉಳಿದ ಹದಿನೇಳರ ಸರಾಸರಿ 87.5, ಹೊಸದರ ಸರಾಸರಿ 87.2. ನೆರಳುಪರದೆಯ ಮನೆಗೆ ಹೋಗಿ ನೋಡಿದರೆ ಆ ಮೂರೂ ಬೆಂಚಿನ ತುದಿಯಲ್ಲಿದ್ದವು. ಮೇಲೆ ನೀರನ್ನು ಮಂಜಿನಂತೆ ಸಿಂಪಡಿಸುವ ಫಾಗರ್ ನಳಿಕೆಯ ವಾಷರ್ ಸವೆದು ನೀರು ತೊಟ್ಟಿಕ್ಕುತ್ತಿತ್ತು, ಪೀಟು ಒದ್ದೆ ಬಟ್ಟೆಯಂತಾಗಿತ್ತು, ಬೆರಳಲ್ಲಿ ಒತ್ತಿದರೆ ನೀರು ಬರುತ್ತಿತ್ತು. ಬೀಜ ಕೊಳೆತದ್ದು ನೀರಿನಿಂದ.

ಅಲ್ಲಿ ನಾನು ಎರಡು ತಪ್ಪು ಮಾಡಿದ್ದೆ. 1960 ಬೀಜ ಅಂದರೆ 1960 ಸಾಕ್ಷಿ ಎಂದುಕೊಂಡದ್ದು ಒಂದು. ನೀರು ಹೆಚ್ಚಾದರೆ ಒಂದು ಟ್ರೇಯ ಬೀಜಗಳೆಲ್ಲ ಒಟ್ಟಿಗೆ ಕಷ್ಟಕ್ಕೆ ಬೀಳುತ್ತವೆ. ಒಂದೇ ಮನೆಯ 98 ಜನ ಒಂದೇ ಮಾತು ಹೇಳಿದರೆ ಅದು ಒಂದೇ ಸಾಕ್ಷಿ. ನನ್ನ ಹತ್ತಿರ ಇದ್ದದ್ದು ಒಂದೊಂದು ಕಡೆಗೆ ಇಪ್ಪತ್ತು ಸಾಕ್ಷಿ. ಇನ್ನೊಂದು, ಹೊಸದನ್ನೆಲ್ಲ ಒಂದು ಕಡೆ, ಹಳೆಯದನ್ನೆಲ್ಲ ಇನ್ನೊಂದು ಕಡೆ ಜೋಡಿಸಿದ್ದು. ಜಾಗದ ಗುಣ ಯಾವುದು, ಪೀಟಿನ ಗುಣ ಯಾವುದು ಎಂದು ಆಗ ಬೇರ್ಪಡಿಸಲಾಗದು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1920ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಹೊಲದ ಯಾವ ತುಂಡಿಗೆ ಯಾವ ಗೊಬ್ಬರ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಬೇಕು ಎಂದು ಹಟ ಹಿಡಿದದ್ದು ಇದಕ್ಕೇ. ಓದಿದಾಗ ಅರ್ಥವಾಗದ್ದು ಸವೆದ ವಾಷರಿನ ಕೆಳಗೆ ನಿಂತಾಗ ಅರ್ಥವಾಯಿತು.

ಹಾಗಂತ ಆ ಮೂರು ಟ್ರೇಗಳನ್ನು ಲೆಕ್ಕದಿಂದ ಕಿತ್ತುಹಾಕಿ ಮುಗಿಸಲಿಲ್ಲ. ಫಲಿತಾಂಶ ನೋಡಿದ ಮೇಲೆ ಬೇಡವಾದದ್ದನ್ನು ತೆಗೆಯುವ ಅಭ್ಯಾಸ ಬಂದರೆ ಏನನ್ನು ಬೇಕಾದರೂ ಸಾಬೀತು ಮಾಡಬಹುದು. ವಾಷರ್ ಬದಲಿಸಿ, ಚೀಟಿ ಎತ್ತಿ ಟ್ರೇ ಬೆರೆಸಿ, ಪೂರ್ತಿ ಪರೀಕ್ಷೆಯನ್ನು ಮತ್ತೆ ಮಾಡಿದೆ. ಹೇಳಿಕೊಳ್ಳುವಂಥ ಅಂತರ ಬರಲಿಲ್ಲ. ಹಳೆಯ ಪೀಟೇ ಮುಂದುವರಿಯಿತು.

ಮುಂದಿನ ಬೇಸಿಗೆಯಲ್ಲಿ ಬೀಜ ನೆನೆಸುವ ದ್ರಾವಣವೊಂದರ ಮಾರಾಟಗಾರರು ಬಂದರು. ಮೊಳಕೆ ಖಂಡಿತ ಹೆಚ್ಚುತ್ತದೆ ಎಂದರು. ಈ ಸಲ ಕೈ ಪಳಗಿತ್ತು. ಹತ್ತು ಜೋಡಿ ಟ್ರೇ ತೆಗೆದುಕೊಂಡೆ. ಒಂದು ಜೋಡಿಯ ಎರಡೂ ಟ್ರೇ ಒಂದೇ ಬೆಂಚಿನಲ್ಲಿ ಅಕ್ಕಪಕ್ಕ, ಒಂದೇ ಪ್ಯಾಕೆಟ್ಟಿನ ಬೀಜ. ಒಂದಕ್ಕೆ ದ್ರಾವಣ, ಇನ್ನೊಂದಕ್ಕೆ ಬರೀ ನೀರು. ಯಾವುದಕ್ಕೆ ಯಾವುದು ಎಂದು ನಾಣ್ಯ ಚಿಮ್ಮಿ ತೀರ್ಮಾನಿಸಿದೆ. ಎಣಿಸುವ ಹೆಂಗಸರಿಗೆ ಗೊತ್ತಾಗಬಾರದೆಂದು ಟ್ರೇಗಳ ಮೇಲೆ ನಂಬರ್ ಮಾತ್ರ ಬರೆದು ಪಟ್ಟಿ ನನ್ನ ಜೇಬಿನಲ್ಲಿಟ್ಟುಕೊಂಡೆ. ಬಿತ್ತುವ ದಿನವೇ ನೋಟ್‌ಬುಕ್ಕಿನಲ್ಲಿ ಬರೆದೆ: ಎಣಿಕೆ ಹತ್ತನೇ ದಿನ, ಒಂದೇ ಸಲ. ಹತ್ತರಲ್ಲಿ ಒಂಬತ್ತು ಗೆದ್ದರೆ ಖರೀದಿ. ದಿನಾ ಎಣಿಸುತ್ತಾ ಹೋಗಿ, ಗೆಲ್ಲುತ್ತಿದೆ ಅನ್ನಿಸಿದ ದಿನ ನಿಲ್ಲಿಸಿದರೆ ಅದು ಪರೀಕ್ಷೆಯೇ ಅಲ್ಲ.

ದ್ರಾವಣ ಏಳು ಜೋಡಿಯಲ್ಲಿ ಗೆದ್ದಿತು. ‘ಏಳು ಗೆದ್ದಿದೆಯಲ್ಲಾ ಸಾರ್’ ಎಂದರು ಮಾರಾಟಗಾರರು. ಅವರಿಗೆ ನಾಣ್ಯದ ಲೆಕ್ಕ ತೋರಿಸಿದೆ. ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಒಟ್ಟು 1024 ರೀತಿಯಲ್ಲಿ ಬೀಳಬಹುದು. ಅದರಲ್ಲಿ ಏಳು ಅಥವಾ ಹೆಚ್ಚು ತಲೆ ಬೀಳುವುದು 176 ರೀತಿಯಲ್ಲಿ, ಅಂದರೆ ಶೇ 17. ಎರಡೂ ಟ್ರೇಗೆ ನೀರನ್ನೇ ಹಾಕಿದ್ದರೂ ಆರು ಸಲಕ್ಕೊಮ್ಮೆ ಇಂಥ ಫಲಿತಾಂಶ ಬಂದೀತು. ಒಂಬತ್ತು ಅಥವಾ ಹೆಚ್ಚಾದರೆ 11 ರೀತಿ, ಶೇ 1ರ ಆಸುಪಾಸು. ದ್ರಾವಣ ಕೆಲಸಕ್ಕೆ ಬಾರದು ಎಂದು ನಾನು ಹೇಳಲಿಲ್ಲ, ಹೇಳಲೂ ಬಾರದು. ದುಡ್ಡು ಹಾಕುವಷ್ಟು ಸಾಕ್ಷಿ ಇಲ್ಲ ಎಂದೆ. ಇನ್ನೊಂದು ಮಾತೂ ಇತ್ತು. ಗೆದ್ದ ಟ್ರೇಗಳಲ್ಲಿ ಹೆಚ್ಚಿಗೆ ಬಂದದ್ದು ಸರಾಸರಿ ಎರಡು ನಾರು. ನಾರಿಗೆ ಒಂದು ರೂಪಾಯಿಯಂತೆ ಎರಡು ರೂಪಾಯಿ ಗಳಿಕೆ. ದ್ರಾವಣದ ಖರ್ಚು ಟ್ರೇಗೆ ನಾಲ್ಕು ರೂಪಾಯಿ. ಹತ್ತಕ್ಕೆ ಹತ್ತು ಗೆದ್ದಿದ್ದರೂ ನಷ್ಟವೇ. ಈ ಲೆಕ್ಕವನ್ನು ಬಿತ್ತುವ ಮೊದಲೇ ಮಾಡಿಕೊಳ್ಳಬೇಕಿತ್ತು, ಈಗ ಹಾಗೇ ಮಾಡುತ್ತೇನೆ.

ಇಷ್ಟು ಸಾಕ್ಷಿ ಸಾಕು ಎಂಬ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದು ಎಲ್ಲದಕ್ಕೂ ಒಂದೇ ಅಲ್ಲ. ಬಿಳಿನೊಣ ತಡೆಯುವ ಸಣ್ಣ ಕಣ್ಣಿನ ಬಲೆಯನ್ನು ಅರ್ಧ ಮನೆಗೆ ಕಟ್ಟಿ, ಎರಡೂ ಕಡೆ ಹಳದಿ ಅಂಟುಪಟ್ಟಿ ತೂಗುಹಾಕಿ ವಾರವಾರ ನೊಣ ಎಣಿಸಿದೆ. ಆರು ವಾರಗಳಲ್ಲಿ ಐದು ವಾರ ಬಲೆಯ ಕಡೆ ಕಡಿಮೆ. ಅದೇ ನಾಣ್ಯದ ಲೆಕ್ಕದಲ್ಲಿ, ಆರಕ್ಕೆ ಐದು ಅಥವಾ ಹೆಚ್ಚು ಬೀಳುವುದು 64ರಲ್ಲಿ 7 ರೀತಿ, ಅಂದರೆ ಶೇ 11. ದ್ರಾವಣಕ್ಕಾದರೆ ಇದು ಸಾಲದು. ಬಲೆಗೆ ಸಾಕು ಅನ್ನಿಸಿತು. ಬಲೆ ವ್ಯರ್ಥವಾದರೆ ನನ್ನ ದುಡ್ಡು ಹೋಗುತ್ತದೆ, ಅಷ್ಟೇ. ಬಲೆ ಬೇಕಾಗಿದ್ದೂ ನಾನು ಕಟ್ಟದಿದ್ದರೆ ಬಿಳಿನೊಣ ಹರಡುವ ಎಲೆ ಮುಟುರು ರೋಗ ನನ್ನ ನಾರಿನ ಜೊತೆ ರೈತನ ಹೊಲಕ್ಕೆ ಹೋಗುತ್ತದೆ. ಅವನು ಡ್ರಿಪ್ಪು, ಮಲ್ಚಿಂಗು, ಕೋಲು ಎಂದು ಸಾಲ ತಂದು ಹಾಕಿರುತ್ತಾನೆ. ಉಳಿದರ್ಧಕ್ಕೂ ಬಲೆ ಕಟ್ಟಿಸಿದೆ.

ಡೆಲಿವರಿಯ ಪ್ರಶ್ನೆ ಮಾತ್ರ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಬೆಲೆ ಸಾಧಾರಣವಾಗಿದ್ದ ಒಂದು ಹಂಗಾಮಿನಲ್ಲಿ ನಮ್ಮಿಂದ ನಾರು ಒಯ್ಯುವ ಎಂಟು ಊರುಗಳ ಹೆಸರನ್ನು ಚೀಟಿಯಲ್ಲಿ ಬರೆದು ಉಕ್ಕಿನ ಡಬ್ಬಿಗೆ ಹಾಕಿದೆ. ಮಗಳು ನಾಲ್ಕು ಎತ್ತಿದಳು. ಆ ನಾಲ್ಕು ಊರಿಗೆ ಪುಕ್ಕಟೆ ಡೆಲಿವರಿ, ಉಳಿದ ನಾಲ್ಕಕ್ಕೆ ಮೊದಲಿನಂತೆ ಅವರೇ ಬಂದು ಒಯ್ಯುವುದು. ಎಪಿಎಂಸಿ ಬೆಲೆ ಏರಲಿ ಇಳಿಯಲಿ, ಎಂಟೂ ಊರಿಗೆ ಒಂದೇ. ಮೂರು ತಿಂಗಳಾದ ಮೇಲೆ, ಹಿಂದಿನ ವರ್ಷಕ್ಕಿಂತ ಆರ್ಡರ್ ಶೇಕಡಾ ಎಷ್ಟು ಹೆಚ್ಚಿದೆ ಎಂದು ಊರುಗಳನ್ನು ಸಾಲಾಗಿ ಬರೆದೆ. ಮೊದಲ ನಾಲ್ಕು ಸ್ಥಾನವೂ ಡೆಲಿವರಿಯ ಊರುಗಳದ್ದೇ.

ಎಂಟರಲ್ಲಿ ನಾಲ್ಕನ್ನು ಆರಿಸಲು 70 ದಾರಿ. ಹಾಲು ಮೊದಲು ಹಾಕಿದ್ದೋ ಚಹಾ ಮೊದಲು ಹಾಕಿದ್ದೋ ಎಂದು ರುಚಿಯಿಂದಲೇ ಹೇಳಬಲ್ಲೆ ಎಂದ ಹೆಂಗಸಿಗೆ ಫಿಶರ್ ಎಂಟು ಲೋಟದ ಪರೀಕ್ಷೆ ರೂಪಿಸಿದ್ದೂ ಇದೇ ಲೆಕ್ಕದಲ್ಲಿ. ಡೆಲಿವರಿಯಿಂದ ಏನೂ ಆಗದಿದ್ದರೆ ಇಂಥ ಸಾಲು ಬೀಳುವುದು ಎಪ್ಪತ್ತಕ್ಕೆ ಒಂದು ಸಲ. ನಾನು ಮೊದಲೇ ಬರೆದಿಟ್ಟ ಗೆರೆ ಇಪ್ಪತ್ತಕ್ಕೆ ಒಂದು. ಹೆಚ್ಚಿದ ಆರ್ಡರಿನ ಲಾಭದಲ್ಲಿ ಡೀಸೆಲ್, ಚಾಲಕನ ಕೂಲಿ ಕಳೆದರೂ ಸ್ವಲ್ಪ ಉಳಿಯುತ್ತಿತ್ತು. 2023ರಲ್ಲಿ ಆರ್ಡರ್ ದುಪ್ಪಟ್ಟು ಮಾಡಿದ್ದು ಬಹುಶಃ ಡೆಲಿವರಿಯೊಂದೇ ಅಲ್ಲ, ಆದರೆ ಅದರಲ್ಲಿ ಹುರುಳಿಲ್ಲದೆಯೂ ಇರಲಿಲ್ಲ. ಈ ಸಲ ಎರಡನೇ ಟೆಂಪೋ ತರಲಿಲ್ಲ. ಇರುವ ಒಂದರಲ್ಲೇ ಸೋಮವಾರ, ಗುರುವಾರ ಎಂಟೂ ಊರಿಗೆ ಹೋಗಿ ಬರುತ್ತೇವೆ.